ಬೆಲೆಯ ಉಯ್ಯಾಲೆಗೆ ತಡೆ ಯಾವುದು?

೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಹದಿನೈದು ಕಿಲೋಗ್ರಾಂ ಟೊಮೇಟೊ ತುಂಬಿದ ಪೆಟ್ಟಿಗೆಯು ಎರಡು ಸಾವಿರ ರೂಪಾಯಿಗೂ ಮೀರಿದ ಬೆಲೆಗೆ ಹರಾಜಾದುದನ್ನು ವಾಚಕರು ಮರೆತಿರಲಾರರು. ಹೊಲದಿಂದ ಹಣ್ಣನ್ನು ಕದ್ದೊಯ್ದರೆಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ರೈತರು ರಾತ್ರಿಯೆಲ್ಲ ಎಚ್ಚರವಿದ್ದು ಬೆಳೆಯನ್ನು ಕಾದರು. ಪಟ್ಟಣಗಳ ಎಷ್ಟೋ ಅಡುಗೆಮನೆಗಳಲ್ಲಿ ಸಾರಿಗೆ ಹುಣಿಸೆಯ ಹುಳಿಯೊಂದೇ ಗತಿಯಾಯಿತು. ಅದೇ ವರ್ಷದ ಸೆಪ್ಟೆಂಬರ್ ಮುಗಿಯುವುದರೊಳಗಾಗಿ ದೇಶದ ಅನೇಕ ಮಾರುಕಟ್ಟೆಗಳಲ್ಲಿ ಕಿಲೋಗ್ರಾಂ ಒಂದಕ್ಕೆ ಹತ್ತು ರೂಪಾಯಿಯೂ ಹುಟ್ಟದೆ, ಬಿಡಿಸಿದ ಕೂಲಿಯೂ ಗಿಟ್ಟದೆ, ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋದವರುಂಟು. ನೆಲ ಅದೇ, ಹಣ್ಣು ಅದೇ, ಉಣ್ಣುವ ಜನವೂ ಅದೇ. ಬೆಲೆ ಮಾತ್ರ ಎರಡು ತಿಂಗಳಲ್ಲಿ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗೆ ಇಳಿದಿತ್ತು.

ಇಂತಹ ಸಂದರ್ಭಗಳಲ್ಲಿ ನಮ್ಮಲ್ಲಿ ಮೂರು ಬಗೆಯ ಉತ್ತರಗಳು ಕೇಳಿಬರುವುದು ವಾಡಿಕೆ. ಮಳೆ ಕೈಕೊಟ್ಟಿತು ಎನ್ನುವುದು ಒಂದು. ದಲ್ಲಾಳಿಗಳು ದೋಚಿದರು ಎನ್ನುವುದು ಇನ್ನೊಂದು. ಸರ್ಕಾರ ನಿದ್ದೆ ಹೋಗಿತ್ತು ಎನ್ನುವುದು ಮತ್ತೊಂದು. ಮೂರರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ೨೦೨೩ರ ಬೇಸಗೆಯ ಬಿಸಿಲು, ಎಲೆ ಮುರುಟು ರೋಗ, ಜುಲೈ ತಿಂಗಳ ಅತಿವೃಷ್ಟಿ ಇವೆಲ್ಲವೂ ಬೆಳೆಯನ್ನು ತಗ್ಗಿಸಿದುವೆಂಬುದು ನಿಜ. ಆದರೆ ಮಳೆ ಸಕಾಲದಲ್ಲಿ ಬಂದ ವರ್ಷಗಳಲ್ಲಿಯೂ ಬೆಲೆ ತೂಗಾಡುತ್ತದೆ. ದಲ್ಲಾಳಿಗೆ ಲಾಭವಿಲ್ಲದ ಕಾಲದಲ್ಲಿಯೂ ತೂಗಾಡುತ್ತದೆ. ಸರ್ಕಾರ ಎಚ್ಚರವಿದ್ದು ಆಜ್ಞೆಯ ಮೇಲೆ ಆಜ್ಞೆ ಹೊರಡಿಸಿದಾಗಲೂ ತೂಗಾಡುತ್ತದೆ. ಹೀಗಿರುವಲ್ಲಿ ಕಾರಣವು ಇವುಗಳಿಗಿಂತ ಆಳದಲ್ಲಿರಬೇಕೆಂದು ಊಹಿಸುವುದು ಅನುಚಿತವಾಗದು.

ಅರ್ಥಶಾಸ್ತ್ರವು ನಮ್ಮ ಅಧ್ಯಯನದ ವಿಷಯವಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಲೋಲಕ, ತಂತಿ, ಸುರುಳಿ ಮೊದಲಾದ ತೂಗಾಡುವ ವಸ್ತುಗಳ ವಿಚಾರವನ್ನು ವರ್ಷ ವರ್ಷವೂ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ನಮ್ಮ ವೃತ್ತಿ. ತೂಗಾಡುವ ವಸ್ತುವನ್ನು ಕಂಡಾಗ ನಾವು ಕೇಳತಕ್ಕ ಪ್ರಶ್ನೆಗಳು ಎರಡು. ಇದನ್ನು ತಳ್ಳಿದವರು ಯಾರು ಎಂಬುದು ಮೊದಲನೆಯದು. ಒಮ್ಮೆ ತಳ್ಳಿದ ಮೇಲೆ ಇದು ತಾನಾಗಿ ಏಕೆ ನಿಲ್ಲುತ್ತಿಲ್ಲ ಎಂಬುದು ಎರಡನೆಯದು. ಬೆಲೆಯ ವಿಷಯದಲ್ಲಿ ನಮ್ಮ ಚರ್ಚೆಯೆಲ್ಲವೂ ಮೊದಲನೆಯ ಪ್ರಶ್ನೆಯಲ್ಲಿಯೇ ಮುಗಿದುಹೋಗುತ್ತಿದೆ. ಎರಡನೆಯದೇ ಮುಖ್ಯವಾದುದೆಂಬುದು ನಮ್ಮ ಅಭಿಪ್ರಾಯ.

ಮೊದಲಿಗೆ ಒಂದು ಮನೆಮಾತಿನ ನಿದರ್ಶನವನ್ನು ತೆಗೆದುಕೊಳ್ಳೋಣ. ವಿದ್ಯಾರ್ಥಿನಿಲಯದ ಸ್ನಾನದ ಕೋಣೆಯಲ್ಲಿ ಬಿಸಿನೀರಿನ ಹಂಡೆ ದೂರದಲ್ಲಿದೆ; ನಲ್ಲಿ ನಮ್ಮ ಕೈಯಲ್ಲಿದೆ. ನೀರು ತಣ್ಣಗೆ ಬರುತ್ತಿದೆಯೆಂದು ನಲ್ಲಿಯನ್ನು ತಿರುಗಿಸುತ್ತೇವೆ. ಬಿಸಿನೀರು ಕೊಳವೆಯಲ್ಲಿ ಹರಿದು ಬರಲು ಅರ್ಧ ನಿಮಿಷ ಬೇಕು. ಆ ತಾಳ್ಮೆ ನಮಗಿಲ್ಲ. ಇನ್ನಷ್ಟು ತಿರುಗಿಸುತ್ತೇವೆ. ಒಮ್ಮೆಲೇ ಸುಡುನೀರು ಬಂದು ಮೈ ಬೇಯುತ್ತದೆ. ಗಾಬರಿಯಿಂದ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತಿನ ಮೇಲೆ ಮೈ ನಡುಗುವ ತಣ್ಣೀರು. ಇಲ್ಲಿ ಹಂಡೆಯದೂ ತಪ್ಪಿಲ್ಲ, ನಲ್ಲಿಯದೂ ತಪ್ಪಿಲ್ಲ, ತಿರುಗಿಸುವವನ ಬುದ್ಧಿಯದೂ ಅಂತಹ ತಪ್ಪೇನಿಲ್ಲ. ಮಾಡಿದ ಕೆಲಸಕ್ಕೂ ಅದರ ಫಲ ಕೈಗೆ ತಗಲುವುದಕ್ಕೂ ನಡುವೆ ಇರುವ ವಿಳಂಬವೇ ಈ ತೂಗಾಟದ ಕಾರಣ.

ರೈತನ ಸ್ಥಿತಿಯೂ ಇದೇ. ಟೊಮೇಟೊ ಸಸಿಮಡಿಯಲ್ಲಿ ಇಪ್ಪತ್ತೈದು ಮೂವತ್ತು ದಿನ ಬೆಳೆಯಬೇಕು. ನೆಟ್ಟ ಮೇಲೆ ಮೊದಲ ಕೊಯ್ಲಿಗೆ ಎರಡು ಎರಡೂವರೆ ತಿಂಗಳು ಬೇಕು. ಬೆಲೆ ಏರಿದ ದಿನ ರೈತನು ನಲ್ಲಿಯನ್ನು ತಿರುಗಿಸುತ್ತಾನೆ. ನೀರು ಬರುವುದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಅವನ ನೆರೆಯವನೂ, ನೆರೆಯ ತಾಲ್ಲೂಕಿನವನೂ, ನೆರೆಯ ರಾಜ್ಯದವನೂ ಅದೇ ಬೆಲೆಯನ್ನು ನೋಡಿ ಅದೇ ನಲ್ಲಿಯನ್ನು ತಿರುಗಿಸಿರುತ್ತಾರೆ. ಒಬ್ಬೊಬ್ಬರ ಲೆಕ್ಕವೂ ಸರಿ. ಎಲ್ಲರ ಲೆಕ್ಕವೂ ಕೂಡಿದಾಗ ತಪ್ಪು.

ಈ ತೂಗಾಟವು ಇಷ್ಟು ಉಗ್ರವಾಗುವುದಕ್ಕೆ ಆಹಾರದ ಬೆಲೆಯ ಸ್ವಭಾವವೂ ಒಂದು ಕಾರಣ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದ ಗ್ರೆಗರಿ ಕಿಂಗ್ ಎಂಬಾತನ ಹೆಸರಿನಲ್ಲಿ ಒಂದು ಪಟ್ಟಿ ಪ್ರಸಿದ್ಧವಾಗಿದೆ. ೧೬೯೯ರಲ್ಲಿ ಚಾರ್ಲ್ಸ್ ಡೇವನೆಂಟ್ ಎಂಬಾತನು ಅದನ್ನು ಅಚ್ಚುಹಾಕಿಸಿದನು. ಅದರಂತೆ, ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ಕಡಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕಡಮೆಯಾದರೆ ಎಂಟು ಪಾಲು. ಮೂರು ಕಡಮೆಯಾದರೆ ಹದಿನಾರು. ನಾಲ್ಕು ಕಡಮೆಯಾದರೆ ಇಪ್ಪತ್ತೆಂಟು. ಅರ್ಧ ಬೆಳೆಯೇ ಹೋದರೆ ನಲವತ್ತೈದು ಪಾಲು. ಅಂಕಿಗಳು ಅಂದಿನ ಇಂಗ್ಲೆಂಡಿನವು. ಅವು ಎಲ್ಲ ಕಾಲಕ್ಕೂ ಎಲ್ಲ ಬೆಳೆಗೂ ಹೊಂದುವುವೆಂದು ತಿಳಿಯಬೇಕಾಗಿಲ್ಲ. ಆದರೆ ಅವು ತೋರಿಸುವ ತತ್ತ್ವವು ಇಂದಿಗೂ ನಿಜ. ಕೊರತೆ ಸಮಗತಿಯಲ್ಲಿ ಹೆಚ್ಚಿದರೆ ಬೆಲೆ ಹಾರುಗತಿಯಲ್ಲಿ ಹೆಚ್ಚುತ್ತದೆ. ಬಟ್ಟೆ ತುಟ್ಟಿಯಾದರೆ ಹಳೆಯ ಅಂಗಿಗೆ ತೇಪೆ ಹಾಕಿ ಮುಂದಿನ ಹಬ್ಬಕ್ಕೆ ಕಾಯಬಹುದು. ಊಟವನ್ನು ಮುಂದಿನ ಹಬ್ಬಕ್ಕೆ ಮುಂದೂಡುವಂತಿಲ್ಲ. ಇದರ ಮಗ್ಗುಲಲ್ಲೇ ಇನ್ನೊಂದು ಮಾತಿದೆ. ಬೆಳೆ ಸ್ವಲ್ಪ ಹೆಚ್ಚಾದರೂ ಬೆಲೆ ಬಹಳ ಬೀಳುತ್ತದೆ. ಏಕೆಂದರೆ ಅಗ್ಗವಾಯಿತೆಂದು ಯಾರೂ ದಿನಕ್ಕೆ ನಾಲ್ಕು ಸಲ ಸಾರು ಉಣ್ಣುವುದಿಲ್ಲ.

ವಿಳಂಬ ಮತ್ತು ಈ ಕಡಿದಾದ ಏರಿಳಿತ ಎರಡೂ ಸೇರಿದಾಗ ಏನಾಗುತ್ತದೆಂಬುದನ್ನು ೧೯೩೦ರ ಸುಮಾರಿನಲ್ಲಿ ಹಲವು ದೇಶಗಳ ಅರ್ಥಶಾಸ್ತ್ರಜ್ಞರು ಒಬ್ಬರನ್ನೊಬ್ಬರು ಅರಿಯದೆಯೇ ಕಂಡುಕೊಂಡರು. ನಕ್ಷೆಯಲ್ಲಿ ಬರೆದಾಗ ಗೆರೆಗಳು ಜೇಡನ ಬಲೆಯಂತೆ ಸುತ್ತುವುದರಿಂದ, ೧೯೩೪ರಲ್ಲಿ ನಿಕೊಲಸ್ ಕಾಲ್ಡಾರ್ ಇದಕ್ಕೆ ಜೇಡರಬಲೆಯ ಸಿದ್ಧಾಂತವೆಂದು ಹೆಸರಿಟ್ಟನು. ಸಿದ್ಧಾಂತವು ಕಷ್ಟವಾದುದೇನೂ ಅಲ್ಲ. ಕೂಡುವ ಕಳೆಯುವ ಲೆಕ್ಕ ಬಲ್ಲ ಯಾರೂ ಅದನ್ನು ಮಾಡಿ ನೋಡಬಹುದು.

ಒಂದು ಕಲ್ಪಿತ ಸಂತೆಯನ್ನು ಭಾವಿಸಿಕೊಳ್ಳೋಣ. ಬೆಳೆಗೆ ನೂರು ಗಾಡಿ ಬಂದರೆ ಅಲ್ಲಿ ಕಿಲೋಗ್ರಾಂ ಬೆಲೆ ಹತ್ತು ರೂಪಾಯಿ. ನೂರಕ್ಕಿಂತ ಕಡಮೆಯಾದ ಪ್ರತಿಯೊಂದು ಗಾಡಿಗೂ ಬೆಲೆ ಇಪ್ಪತ್ತು ಪೈಸೆ ಏರುತ್ತದೆ, ಹೆಚ್ಚಾದ ಪ್ರತಿಯೊಂದಕ್ಕೂ ಅಷ್ಟೇ ಇಳಿಯುತ್ತದೆ. ಬೆಲೆ ಹತ್ತು ರೂಪಾಯಿಗಿಂತ ಒಂದು ರೂಪಾಯಿ ಏರಿದರೆ ರೈತರು ಮುಂದಿನ ಬೆಳೆಗೆ ನಾಲ್ಕು ಗಾಡಿಯಷ್ಟು ಹೆಚ್ಚಾಗಿ ಬೆಳೆಯುತ್ತಾರೆ, ಇಳಿದರೆ ಅಷ್ಟೇ ಕಡಮೆ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಒಂದು ವರ್ಷ ರೋಗ ಬಂದು ತೊಂಬತ್ತೇ ಗಾಡಿ ಬಂದಿತು. ಬೆಲೆ ಹನ್ನೆರಡು ರೂಪಾಯಿ ಆಯಿತು. ಅದನ್ನು ನೋಡಿ ಮುಂದಿನ ಬೆಳೆಗೆ ೧೦೮ ಗಾಡಿ ಬಂದು ಬೆಲೆ ೮ ರೂಪಾಯಿ ೪೦ ಪೈಸೆಗೆ ಇಳಿಯಿತು. ಅದರ ಮುಂದಿನ ಬೆಳೆಗೆ ೯೩.೬ ಗಾಡಿ, ಆಮೇಲೆ ಸುಮಾರು ೧೦೫. ತೂಗಾಟ ಹತ್ತು, ಎಂಟು, ಆರೂ ಚಿಲ್ಲರೆ, ಐದು ಎಂದು ಕುಗ್ಗುತ್ತ ಬಂದು ಕಾಲಕ್ರಮದಲ್ಲಿ ನಿಲ್ಲುತ್ತದೆ.

ಈಗ ರೈತರು ಬೆಲೆಗೆ ಇನ್ನಷ್ಟು ಆತುರದಿಂದ ಓಗೊಟ್ಟು, ರೂಪಾಯಿಗೆ ನಾಲ್ಕರ ಬದಲು ಆರು ಗಾಡಿಯಷ್ಟು ಬೆಳೆಯನ್ನು ಹೆಚ್ಚು ಕಡಮೆ ಮಾಡುತ್ತಾರೆನ್ನೋಣ. ತೊಂಬತ್ತರ ಮೇಲೆ ೧೧೨, ಅದರ ಮೇಲೆ ೮೫.೬, ಅದರ ಮೇಲೆ ೧೧೭ಕ್ಕೂ ಮಿಕ್ಕು. ಬೆಲೆ ೧೨ ರೂಪಾಯಿ, ೭ ರೂಪಾಯಿ ೬೦ ಪೈಸೆ, ೧೨ ರೂಪಾಯಿ ೮೮ ಪೈಸೆ, ಆಮೇಲೆ ಆರೂವರೆ. ರೋಗ ಬಂದದ್ದು ಒಂದೇ ಸಲ. ಆದರೂ ತೂಗಾಟ ನಿಲ್ಲುವ ಬದಲು ಬೆಳೆಯುತ್ತಲೇ ಹೋಗುತ್ತದೆ. ಎರಡು ಲೆಕ್ಕಗಳಿಗೂ ಇರುವ ವ್ಯತ್ಯಾಸ ಮಳೆಯದಲ್ಲ, ದಲ್ಲಾಳಿಯದಲ್ಲ, ಆತುರದ್ದು ಮಾತ್ರ.

ಇಲ್ಲಿ ಒಂದು ಅಹಿತವಾದ ಮಾತನ್ನು ಆಡಬೇಕಾಗಿದೆ. ಹಿಂದೆ ಕೋಲಾರದ ಬೆಲೆ ಪಕ್ಕದ ತಾಲ್ಲೂಕಿಗೆ ತಿಳಿಯಲು ದಿನಗಳು ಹಿಡಿಯುತ್ತಿದ್ದುವು. ಇಂದು ಹರಾಜಿನ ಬೆಲೆ ಅದೇ ಬೆಳಿಗ್ಗೆ ಪ್ರತಿಯೊಬ್ಬ ರೈತನ ಕೈಯ ದೂರವಾಣಿಯಲ್ಲಿ ಮೂಡುತ್ತದೆ. ೨೦೧೬ರ ಏಪ್ರಿಲ್ ೧೪ರಂದು ಪ್ರಾರಂಭವಾದ ರಾಷ್ಟ್ರೀಯ ವಿದ್ಯುನ್ಮಾನ ಕೃಷಿ ಮಾರುಕಟ್ಟೆಯಂತಹ ವ್ಯವಸ್ಥೆಗಳು ಮಾರುವವನಿಗೆ ಉಪಕಾರಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಿತ್ತುವವನಿಗೆ? ಇಂದಿನ ಬೆಲೆ ಎಷ್ಟು ಬೇಗ ಎಷ್ಟು ಹೆಚ್ಚು ಜನಕ್ಕೆ ತಿಳಿಯುತ್ತದೆಯೋ ಅಷ್ಟು ಹೆಚ್ಚು ಜನ ಒಂದೇ ದಿನ ಒಂದೇ ನಲ್ಲಿಯನ್ನು ತಿರುಗಿಸುತ್ತಾರೆ. ನಾಲ್ಕು ಆರಾಗುವುದು ಹೀಗೆಯೇ. ಮಾರುವುದಕ್ಕೆ ಬೇಕಾದ ಸುದ್ದಿ ಬೇರೆ, ಬಿತ್ತುವುದಕ್ಕೆ ಬೇಕಾದ ಸುದ್ದಿ ಬೇರೆ ಎಂಬುದನ್ನು ನಾವು ಇನ್ನೂ ಅರಿತಿಲ್ಲ.

ತೂಗಾಟವನ್ನು ಕುಗ್ಗಿಸುವ ಗುಣಕ್ಕೆ ಭೌತಶಾಸ್ತ್ರದಲ್ಲಿ ಅವಮಂದನವೆಂದು ಹೆಸರು. ಗಾಳಿಯಲ್ಲಿ ತೂಗುವ ಲೋಲಕ ಬಹಳ ಹೊತ್ತು ತೂಗುತ್ತದೆ. ಅದರ ಗುಂಡನ್ನು ಎಣ್ಣೆಯಲ್ಲಿ ಮುಳುಗಿಸಿದರೆ ಬೇಗ ನಿಲ್ಲುತ್ತದೆ. ಬೆಲೆಯ ಲೋಲಕಕ್ಕೆ ಎಣ್ಣೆ ಯಾವುದು? ನಮ್ಮ ಕಲ್ಪಿತ ಸಂತೆಗೇ ಮರಳೋಣ. ಆತುರವು ಆರರಷ್ಟೇ ಇರಲಿ. ಆದರೆ ರೈತರು ಹಿಂದಿನ ಒಂದು ಬೆಳೆಯ ಬೆಲೆಯನ್ನು ಮಾತ್ರ ನೋಡದೆ, ಹಿಂದಿನ ಎರಡು ಬೆಳೆಗಳ ಬೆಲೆಯ ಸರಾಸರಿಯನ್ನು ನೋಡಿ ಬಿತ್ತುತ್ತಾರೆಂದು ಇಟ್ಟುಕೊಳ್ಳೋಣ. ಆಗ ಬರುವ ಗಾಡಿಗಳು ೯೦, ೧೦೬, ೧೦೨.೪, ೯೫, ೧೦೧.೬, ೧೦೨. ಬೆಳೆಯುತ್ತ ಹೋಗುತ್ತಿದ್ದ ತೂಗಾಟ ಐದಾರು ಬೆಳೆಗಳಲ್ಲಿ ಸೌಮ್ಯವಾಯಿತು. ಸರ್ಕಾರದ ಆಜ್ಞೆಯಿಲ್ಲ, ಧನಸಹಾಯವಿಲ್ಲ, ನೆನಪೊಂದೇ ಸಾಕಾಯಿತು.

ಹಾಗಾದರೆ ರೈತನಿಗೆ ನೆನಪಿಲ್ಲವೇ ಎಂದು ಕೇಳಬಹುದು. ಇದೆ, ನಮ್ಮೆಲ್ಲರಿಗಿಂತಲೂ ಹೆಚ್ಚಾಗಿಯೇ ಇದೆ. ಆದರೆ ನೆನಪಿನಂತೆ ನಡೆಯುವುದಕ್ಕೆ ಕೈಯಲ್ಲಿ ಒಂದಿಷ್ಟು ಹಣ ಬೇಕು. ಒಂದು ಬೆಳೆ ಕಳೆದುಕೊಂಡವನಿಗೆ ಗೊಬ್ಬರದ ಅಂಗಡಿಯ ಸಾಲವಿದೆ, ಬಡ್ಡಿಯಿದೆ, ಮಗಳ ಕಾಲೇಜಿನ ಶುಲ್ಕವಿದೆ. ಏರಿದ ಬೆಲೆಯನ್ನು ನಂಬಬಾರದೆಂದು ಅವನು ಬಲ್ಲನು. ಆದರೂ ಸಾಲ ತೀರುವ ದಾರಿ ಅದೊಂದೇ ಎಂದು ಮತ್ತೆ ಅದರ ಬೆನ್ನು ಹತ್ತುತ್ತಾನೆ. ನಮ್ಮ ತರಗತಿಗಳಲ್ಲಿ ಕುಳಿತುಕೊಳ್ಳುವ ಹುಡುಗರಲ್ಲಿ ಇಂತಹ ಮನೆಗಳಿಂದ ಬಂದವರು ಎಷ್ಟೋ ಮಂದಿ. ಬೆಲೆ ಬಿದ್ದ ವರ್ಷ ಹಾಜರಿಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಖಾಲಿ ಜಾಗಗಳು ಹೆಚ್ಚುತ್ತವೆ; ಕೆಲವರು ಪರೀಕ್ಷೆಗೆ ಬರುವುದೇ ಇಲ್ಲ. ಬೆಲೆಯ ಸರಾಸರಿಯನ್ನು ಹೇಳುವ ಪಂಡಿತರು ಇದನ್ನು ಗಮನಿಸತಕ್ಕದ್ದು: ಎರಡು ಬೆಳೆಗಳ ಸರಾಸರಿ ಬೆಲೆ ಲಾಭದಾಯಕವೇ ಇರಬಹುದು, ಮೊದಲನೆಯ ಬೆಳೆಯಲ್ಲಿ ಹೊಲವನ್ನು ಕಳೆದುಕೊಂಡವನಿಗೆ ಎರಡನೆಯ ಬೆಳೆ ಇಲ್ಲ.

ದಲ್ಲಾಳಿಯ ವಿಚಾರವನ್ನು ಬಿಟ್ಟುಬಿಟ್ಟೆವೆಂದು ಯಾರೂ ತಿಳಿಯಬಾರದು. ಮಾರುಕಟ್ಟೆಯನ್ನು ಕೈವಶ ಮಾಡಿಕೊಳ್ಳುವ ದುರಾಶೆಗೆ ಅಮೆರಿಕದ ಈರುಳ್ಳಿಯ ಕಥೆಗಿಂತ ಒಳ್ಳೆಯ ನಿದರ್ಶನವಿಲ್ಲ. ೧೯೫೫ರಲ್ಲಿ ವಿನ್ಸೆಂಟ್ ಕೊಸುಗ, ಸ್ಯಾಮ್ ಸೀಗಲ್ ಎಂಬ ಇಬ್ಬರು ವ್ಯಾಪಾರಿಗಳು ಷಿಕಾಗೋ ನಗರದ ಈರುಳ್ಳಿಯ ದಾಸ್ತಾನನ್ನು ಬಹುಮಟ್ಟಿಗೆ ತಾವೇ ಕೊಂಡುಕೊಂಡರು. ಬಳಿಕ ಬೆಲೆ ಇಳಿದರೆ ತಮಗೆ ಲಾಭವಾಗುವಂತೆ ವಾಯಿದೆಯ ಒಪ್ಪಂದಗಳನ್ನು ಮಾಡಿಕೊಂಡು, ಕೂಡಿಟ್ಟ ಸರಕನ್ನು ಮಾರುಕಟ್ಟೆಗೆ ಸುರಿದರು. ೧೯೫೬ರ ಮಾರ್ಚ್ ವೇಳೆಗೆ ಐವತ್ತು ಪೌಂಡಿನ ಈರುಳ್ಳಿ ಚೀಲ ಹತ್ತು ಸೆಂಟಿಗೆ ಇಳಿಯಿತು. ಒಳಗಿನ ಈರುಳ್ಳಿಗಿಂತ ಖಾಲಿ ಚೀಲಕ್ಕೇ ಬೆಲೆ ಹೆಚ್ಚಾಗಿತ್ತು. ಬೆಳೆಗಾರರ ಗೋಳನ್ನು ಕೇಳಿ ಅಮೆರಿಕದ ಶಾಸನಸಭೆಯು ೧೯೫೮ರಲ್ಲಿ ಈರುಳ್ಳಿಯ ವಾಯಿದೆ ವ್ಯಾಪಾರವನ್ನೇ ನಿಷೇಧಿಸಿತು. ವಾಯಿದೆಯ ವ್ಯಾಪಾರ ಹೋಯಿತು. ಈರುಳ್ಳಿಯ ಬೆಲೆಯ ತೂಗಾಟ ಹೋಗಲಿಲ್ಲ. ನಿಷೇಧದಿಂದ ಅದು ಹೆಚ್ಚಿತೋ ತಗ್ಗಿತೋ ಎಂಬ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಕಳ್ಳನನ್ನು ಶಿಕ್ಷಿಸಬೇಕು ನಿಜ. ಆದರೆ ಕಳ್ಳನನ್ನು ಹಿಡಿದುದರಿಂದ ಗಡಿಯಾರದ ಲೋಲಕ ನಿಲ್ಲುವುದಿಲ್ಲ.

ಇನ್ನು ಸರ್ಕಾರದ ಮಾತು. ಉಗಿಯಂತ್ರದ ವೇಗವನ್ನು ಒಂದೇ ಸಮನಾಗಿರಿಸಲು ಗವರ್ನರ್ ಎಂಬ ಉಪಕರಣವನ್ನು ಜೋಡಿಸುತ್ತಿದ್ದರು. ವೇಗ ಹೆಚ್ಚಿದರೆ ಅದು ಉಗಿಯನ್ನು ತಗ್ಗಿಸುತ್ತದೆ, ವೇಗ ಕಡಮೆಯಾದರೆ ಹೆಚ್ಚಿಸುತ್ತದೆ. ಕೆಲವು ಯಂತ್ರಗಳಲ್ಲಿ ಈ ಉಪಕರಣವೇ ವೇಗವನ್ನು ಇನ್ನಷ್ಟು ತೂಗಾಡಿಸುತ್ತಿತ್ತು. ೧೮೬೮ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಮಹಾಶಯನು ಇದನ್ನು ಗಣಿತದಿಂದ ಪರಿಶೀಲಿಸಿ, ಎಂತಹ ಸಂದರ್ಭದಲ್ಲಿ ಗವರ್ನರು ತೂಗಾಟವನ್ನು ಶಮನ ಮಾಡುತ್ತದೆ, ಎಂತಹ ಸಂದರ್ಭದಲ್ಲಿ ಬೆಳೆಸುತ್ತದೆ ಎಂಬುದನ್ನು ತೋರಿಸಿದನು. ತಡವಾಗಿ ಬಂದ ತಿದ್ದುಪಡಿ ತಿದ್ದುಪಡಿಯಲ್ಲ. ಉಯ್ಯಾಲೆ ತಾನಾಗಿ ಹಿಂದಿರುಗುವ ಹೊತ್ತಿಗೆ ಬೆನ್ನಿಗೆ ಕೊಟ್ಟ ಇನ್ನೊಂದು ನೂಕು.

ನಮ್ಮ ದೇಶದ ಈರುಳ್ಳಿಯ ರಫ್ತಿನ ಆಜ್ಞೆಗಳನ್ನು ಸಾಲಾಗಿ ಓದಿದರೆ ಇದೇ ಉಯ್ಯಾಲೆ ಕಣ್ಣಿಗೆ ಕಾಣುತ್ತದೆ. ೨೦೧೯ರ ಸೆಪ್ಟೆಂಬರಿನಲ್ಲಿ ರಫ್ತಿಗೆ ನಿಷೇಧ. ೨೦೨೦ರ ಮಾರ್ಚಿಯಲ್ಲಿ ತೆರವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧ. ೨೦೨೧ರ ಜನವರಿಯಲ್ಲಿ ಮತ್ತೆ ತೆರವು. ೨೦೨೩ರ ಆಗಸ್ಟಿನಲ್ಲಿ ಶೇಕಡ ೪೦ರ ಸುಂಕ. ಡಿಸೆಂಬರಿನಲ್ಲಿ ಪುನಃ ನಿಷೇಧ. ೨೦೨೪ರ ಮೇ ತಿಂಗಳಲ್ಲಿ ಸುಂಕದೊಡನೆ ತೆರವು. ೨೦೨೫ರ ಏಪ್ರಿಲಿನಲ್ಲಿ ಸುಂಕವೂ ರದ್ದು. ಉದ್ದೇಶವು ಬಡವರ ಹೊಟ್ಟೆಯ ರಕ್ಷಣೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಿತ್ತುವಾಗ ಇದ್ದ ನಿಯಮ ಕೊಯ್ಯುವಾಗ ಇಲ್ಲದಿದ್ದರೆ ಮುಂದಿನ ಬಿತ್ತನೆಗೆ ಧೈರ್ಯ ಎಲ್ಲಿಂದ ಬರಬೇಕು? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯನ್ನು ನಮ್ಮವರು ಉಣ್ಣುವುದು ಅತ್ಯಲ್ಪ; ಅದು ಬೆಳೆಯುವುದೇ ಪರದೇಶದ ಗಿರಾಕಿಗಳಿಗಾಗಿ. ೨೦೨೩ರ ಸುಂಕ ಅದಕ್ಕೂ ಬಿದ್ದಿತು. ಸೆಪ್ಟೆಂಬರಿನ ಕೊನೆಯಲ್ಲಿ ವಿನಾಯಿತಿ ದೊರೆಯಿತು. ನಮ್ಮ ಅಡುಗೆಮನೆಗೆ ಬಾರದ ಈರುಳ್ಳಿಯನ್ನು ಬಂದರಿನಲ್ಲಿ ತಡೆದುದರಿಂದ ಯಾವ ಅಡುಗೆಮನೆಗೆ ಉಪಕಾರವಾಯಿತೆಂಬುದು ವಿಚಾರಾರ್ಹ.

ಹಳೆಯ ಕಾಲದವರು ಬಲ್ಲ ಅವಮಂದನವೆಂದರೆ ಉಗ್ರಾಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಅರ್ಧ ಪಾಲನ್ನು ಪ್ರಜೆಗಳ ಆಪತ್ಕಾಲಕ್ಕೆ ತೆಗೆದಿರಿಸಬೇಕೆಂಬ ವಿಧಿಯಿದೆ. ನಮ್ಮ ಉತ್ತರ ಕರ್ನಾಟಕದ ಹಗೇವುಗಳೂ ಇದೇ ಬುದ್ಧಿಯ ಫಲ. ಒಳ್ಳೆಯ ವರ್ಷದ ಜೋಳ ನೆಲದೊಳಗಿನ ಹಗೇವಿನಲ್ಲಿ ಕುಳಿತು ಕೆಟ್ಟ ವರ್ಷದ ದಾರಿ ಕಾಯುತ್ತಿತ್ತು. ಈರುಳ್ಳಿಗೂ ಈ ಕ್ರಮ ಸಾಧ್ಯ; ಆದರೆ ಸುಲಭವಲ್ಲ. ಬೇಸಗೆಗೆ ಬರುವ ಹಿಂಗಾರು ಈರುಳ್ಳಿ ತಿಂಗಳುಗಟ್ಟಲೆ ಉಳಿಯುತ್ತದೆ; ಆದರೆ ಒಣಗಿ, ಕೊಳೆತು, ಮೊಳೆತು ಕಾಲು ಪಾಲಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಷ್ಟವಾಗುತ್ತದೆ. ೨೦೦೨ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರವು ಮಹಾರಾಷ್ಟ್ರದ ಲಾಸಲಗಾಂವದಲ್ಲಿ ಕೋಬಾಲ್ಟಿನ ವಿಕಿರಣದಿಂದ ಮೊಳಕೆಯನ್ನು ತಡೆಯುವ ಕೇಂದ್ರವನ್ನು ಸ್ಥಾಪಿಸಿತು. ವಿಕಿರಣ ಮೊಳಕೆಯನ್ನು ತಡೆಯಬಲ್ಲುದು, ಕೊಳೆಯುವುದನ್ನು ತಡೆಯಲಾರದು. ಕೇಂದ್ರ ಸರ್ಕಾರ ೨೦೨೩ರಲ್ಲಿ ಈರುಳ್ಳಿಯ ಆಪದ್ಧನವನ್ನು ಮೂರು ಲಕ್ಷ ಟನ್ನಿನಿಂದ ಐದು ಲಕ್ಷ ಟನ್ನಿಗೆ ಏರಿಸಿತು. ದೇಶದ ಆ ಕಾಲದ ವಾರ್ಷಿಕ ಬೆಳೆ ೨೪೦ರಿಂದ ೩೦೦ ಲಕ್ಷ ಟನ್ನಿನಷ್ಟು. ನೂರಕ್ಕೆ ಎರಡರಷ್ಟು ದಾಸ್ತಾನಿನಿಂದ ನೂರಕ್ಕೆ ಹತ್ತು ಇಪ್ಪತ್ತರ ಕೊರತೆಯನ್ನು ತುಂಬಲಾಗದು. ಕ್ರಮ ಸರಿಯಾದುದೇ, ಗಾತ್ರ ಸಾಲದು.

ಟೊಮೇಟೊವಿಗಾದರೋ ಹಗೇವೇ ಇಲ್ಲ. ಅದರ ಆಯುಸ್ಸು ದಿನಗಳಲ್ಲಿ ಎಣಿಸತಕ್ಕದ್ದು. ಸರಕನ್ನು ಕೂಡಿಡಲಾಗದ ಕಡೆ ಕೂಡಿಡಬಹುದಾದುದು ತಿಳಿವಳಿಕೆಯೊಂದೇ. ಇಲ್ಲಿ ನಮ್ಮದೊಂದು ಸೂಚನೆಯಿದೆ. ಇಂದಿನ ಬೆಲೆಯನ್ನು ಸಾರುವಷ್ಟೇ ಶ್ರದ್ಧೆಯಿಂದ ಇಂದು ನೆಟ್ಟ ಸಸಿಗಳ ಸಂಖ್ಯೆಯನ್ನು ಸಾರಬೇಕು. ಟೊಮೇಟೊ ಬೆಳೆಯುವ ಪ್ರದೇಶಗಳಲ್ಲಿ ಬಹುಮಂದಿ ರೈತರು ಬೀಜವನ್ನು ತಾವೇ ಬಿತ್ತದೆ, ನೆರಳುಬಲೆಯ ಸಸ್ಯಾಗಾರಗಳಿಂದ ಸಸಿಗಳನ್ನು ಕೊಂಡು ನೆಡುತ್ತಾರೆ. ಹೊಲಗಳನ್ನು ಅಳೆಯುವುದು ಕಷ್ಟ. ಸಸಿಗಳ ತಟ್ಟೆಗಳನ್ನು ಎಣಿಸುವುದು ಕಷ್ಟವಲ್ಲ. ಈ ವಾರ ಇಷ್ಟು ಲಕ್ಷ ಸಸಿಗಳು ಮಾರಾಟವಾದುವು, ಕಳೆದ ಮೂರು ವರ್ಷ ಇದೇ ವಾರ ಇಷ್ಟು ಮಾರಾಟವಾಗಿದ್ದುವು, ಆಗ ಕೊಯ್ಲಿನ ಕಾಲಕ್ಕೆ ಬಂದ ಬೆಲೆ ಇಷ್ಟು ಎಂಬ ಮೂರು ಸಾಲುಗಳನ್ನು ಪ್ರತಿವಾರ ಮಾರುಕಟ್ಟೆಯ ಬಾಗಿಲಿನಲ್ಲಿಯೂ ಗ್ರಾಮಪಂಚಾಯಿತಿಯ ಗೋಡೆಯ ಮೇಲೂ ದೂರವಾಣಿಯಲ್ಲಿಯೂ ಪ್ರಕಟಿಸಿದರೆ, ಎರಡು ತಿಂಗಳ ಮುಂದಿನ ಸಂತೆಯನ್ನು ರೈತನು ಇಂದೇ ಕಂಡಂತಾಯಿತು. ತೋಟಗಾರಿಕೆ ಬೆಳೆಗಳ ಅಂದಾಜುಗಳನ್ನು ಕೇಂದ್ರ ಸರ್ಕಾರವು ಈಗಲೂ ಪ್ರಕಟಿಸುತ್ತದೆ. ಆದರೆ ವರ್ಷದ ಲೆಕ್ಕ ದೇಶದ ಲೆಕ್ಕಕ್ಕೆ ಸರಿ, ನಾಳೆ ನೆಡುವವನ ಲೆಕ್ಕಕ್ಕೆ ಸರಿಯಲ್ಲ.

ಇದಕ್ಕೆ ಆಕ್ಷೇಪಗಳುಂಟು. ಸಸಿ ಹೆಚ್ಚಾಗಿದೆಯೆಂದು ತಿಳಿದರೆ ಎಲ್ಲರೂ ಹಿಂಜರಿದು ಮತ್ತೆ ಕೊರತೆಯಾಗದೇ ಎಂಬುದು ಮೊದಲನೆಯದು. ವರ್ಷಕ್ಕೊಮ್ಮೆ ಪ್ರಕಟಿಸಿದರೆ ಹಾಗಾಗುವುದು ಖಂಡಿತ. ವಾರಕ್ಕೊಮ್ಮೆ ಪ್ರಕಟಿಸಿದರೆ ಹಾಗಾಗದು. ಎರಡನೆಯ ವಾರ ಹಿಂಜರಿದವರ ಲೆಕ್ಕವನ್ನು ಮೂರನೆಯ ವಾರದವರು ನೋಡುತ್ತಾರೆ, ಅವರದನ್ನು ನಾಲ್ಕನೆಯ ವಾರದವರು. ನಲ್ಲಿಗೂ ಹಂಡೆಗೂ ನಡುವಿನ ಕೊಳವೆ ಗಿಡ್ಡವಾದಷ್ಟೂ ಕೈ ಹದವರಿಯುತ್ತದೆ. ವ್ಯಾಪಾರಿಗಳೂ ಈ ಲೆಕ್ಕವನ್ನು ಬಳಸಿಕೊಳ್ಳುವರೆಂಬುದು ಎರಡನೆಯ ಆಕ್ಷೇಪ. ದೊಡ್ಡ ವ್ಯಾಪಾರಿಯು ತನ್ನ ಜನರನ್ನು ಕಳುಹಿಸಿ ಹೊಲಗಳನ್ನು ನೋಡಿಸಿಕೊಳ್ಳಬಲ್ಲನು. ಕಾಣದೆ ಇರುವವನು ಬೆಳೆಯುವವನೊಬ್ಬನೇ. ತಿಳಿದೂ ಸಾಲದ ಒತ್ತಾಯದಿಂದ ರೈತನು ನೆಟ್ಟಾನು ಎಂಬುದು ಮೂರನೆಯ ಆಕ್ಷೇಪ. ಇದೇ ಎಲ್ಲಕ್ಕಿಂತ ಬಲವಾದುದು. ಲೆಕ್ಕದೊಡನೆ ಬೀಳುವ ಬೆಲೆಗೆ ಒಂದು ನೆಲೆಯೂ ಬೇಕು. ಕೇಂದ್ರವು ಬೆಂಬಲ ಬೆಲೆಯನ್ನು ಘೋಷಿಸುವ ಬೆಳೆಗಳಲ್ಲಿ ಟೊಮೇಟೊವೂ ಇಲ್ಲ, ಈರುಳ್ಳಿಯೂ ಇಲ್ಲ. ಕೇರಳ ಸರ್ಕಾರವು ೨೦೨೦ರ ಅಕ್ಟೋಬರಿನಲ್ಲಿ ತರಕಾರಿಗಳೇ ಮೊದಲಾದ ೧೬ ಬೆಳೆಗಳಿಗೆ ಉತ್ಪಾದನೆಯ ಖರ್ಚಿಗಿಂತ ಶೇಕಡ ೨೦ರಷ್ಟು ಹೆಚ್ಚಿನ ಮೂಲಬೆಲೆಯನ್ನು ಘೋಷಿಸಿತು. ಟೊಮೇಟೊ ಬೆಳೆಯುವ ದೊಡ್ಡ ರಾಜ್ಯಕ್ಕೆ ಅದೇ ಏರ್ಪಾಡು ಬಹಳ ದುಬಾರಿಯಾದೀತು. ಆದರೂ ಬಿತ್ತನೆಯ ಲೆಕ್ಕಕ್ಕೆ ತನ್ನ ಸಸಿಗಳನ್ನು ಬರೆಸಿದ ಸಣ್ಣ ಹಿಡುವಳಿದಾರನಿಗೆ ಬೀಜ ಗೊಬ್ಬರದ ಖರ್ಚಾದರೂ ಹಿಂದಿರುಗುವಂತೆ ಮಾಡುವುದು ಅಸಾಧ್ಯವಲ್ಲ. ಅವನಿಗೆ ಎರಡನೆಯ ಬೆಳೆಯನ್ನು ಉಳಿಸಿಕೊಟ್ಟರೆ, ಎರಡು ಬೆಳೆಗಳ ಸರಾಸರಿಯನ್ನು ಅವನೇ ನೋಡಿಕೊಳ್ಳುತ್ತಾನೆ.

ಕೊಂಡುಣ್ಣುವವರಿಗೂ ಇದರಲ್ಲಿ ಪಾಲುಂಟು. ೨೦೨೩ರ ಜುಲೈಯಲ್ಲಿ ದೇಶದ ತರಕಾರಿಗಳ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇಕಡ ೩೭ರಷ್ಟು ಮೇಲಿತ್ತು. ಅಂದಿನ ಬೆಲೆಸೂಚಿಯಲ್ಲಿ ಟೊಮೇಟೊ, ಈರುಳ್ಳಿ, ಆಲೂಗೆಡ್ಡೆ ಮೂರೂ ಸೇರಿ ನೂರಕ್ಕೆ ಎರಡು ಚಿಲ್ಲರೆ ತೂಕದವು; ಆದರೂ ಸೂಚಿಯನ್ನೆಲ್ಲ ಅಲುಗಿಸಿದವು ಅವೇ. ಕೂಲಿಯ ಬಹುಪಾಲನ್ನು ಸಂತೆಗೆ ಒಯ್ಯುವ ಮನೆಯಲ್ಲಿ ಆ ತೂಕ ಎರಡಲ್ಲ. ತುಟ್ಟಿಯಾದಾಗಲೂ ಹಣವೆಲ್ಲ ಬೆಳೆದವನಿಗೆ ಸೇರುತ್ತದೆಯೇ ಎಂದರೆ ಅದೂ ಇಲ್ಲ. ೨೦೨೪ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನಿಂದ ಬಂದ ಒಂದು ಅಧ್ಯಯನದ ಪ್ರಕಾರ, ಕೊಳ್ಳುವವನು ಕೊಟ್ಟ ರೂಪಾಯಿಯಲ್ಲಿ ರೈತನಿಗೆ ಸೇರುವುದು ಟೊಮೇಟೊವಿನಲ್ಲಿ ೩೩ ಪೈಸೆ, ಈರುಳ್ಳಿಯಲ್ಲಿ ೩೬, ಆಲೂಗೆಡ್ಡೆಯಲ್ಲಿ ೩೭.

ಆದುದರಿಂದ ನಮ್ಮ ಕೋರಿಕೆ ಇಷ್ಟೇ. ಬೆಲೆ ಏರಿದಾಗ ಕೂಗುವುದನ್ನೂ ಬಿದ್ದಾಗ ಮರುಗುವುದನ್ನೂ ಬಿಟ್ಟು, ಬೆಲೆ ಸುಮ್ಮನಿರುವ ದಿನಗಳಲ್ಲಿ ಕೆಲಸ ಮಾಡಬೇಕು. ಸಸಿಗಳನ್ನು ಎಣಿಸಬೇಕಾದುದು ಆಗ. ಉಗ್ರಾಣಗಳನ್ನು ಕಟ್ಟಬೇಕಾದುದು ಆಗ. ಬಿತ್ತನೆಗೆ ಮೊದಲು ಸಾರಿದ ರಫ್ತಿನ ನಿಯಮವನ್ನು ಕೊಯ್ಲಿನವರೆಗೂ ಬದಲಿಸುವುದಿಲ್ಲವೆಂದು ಮಾತು ಕೊಡಬೇಕಾದುದೂ ಆಗ. ಮಳೆಯನ್ನು ಆಳುವ ಶಕ್ತಿ ನಮಗಿಲ್ಲ; ಮೊದಲನೆಯ ನೂಕು ಯಾವ ದಿಕ್ಕಿನಿಂದಲಾದರೂ ಬರುತ್ತದೆ. ಆ ಮೇಲಿನ ನ���ಕುಗಳನ್ನು ಕೊಡುತ್ತಿರುವವರು ನಾವೇ. ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.